ಸೀಸೆ ಹೊತ್ತ ತಲೆ

ನನ್ನ ಅತ್ತೆ ಎರ್ಮೆಲಿಂದಾ ನಲವತ್ತು ವರ್ಷ ತಲೆಯ ಮೇಲೆ ಸೀಸೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಕುಣಿದವರು. ನಮ್ಮ ಪಿರಾಯು ಊರಿನ ಹಬ್ಬಗಳಲ್ಲಿ ಆರು ಸೀಸೆ ಹೊತ್ತರೂ ಅವರ ಗದ್ದ ಕೂದಲೆಳೆಯಷ್ಟೂ ಇಳಿಯುತ್ತಿರಲಿಲ್ಲ. ಕುಣಿತ ಬಿಟ್ಟ ಮೇಲೂ ಅದು ಇಳಿಯಲಿಲ್ಲ. ನನ್ನ ಅಡುಗೆಯನ್ನಂತೂ ಅವರು ಮೂಗಿನ ತುದಿಯಿಂದಲೇ ನೋಡುತ್ತಿದ್ದರು.

ಹೋದ ವರ್ಷ ಲಕ್ವ ಹೊಡೆದ ಮೇಲೆ ಏನು ನುಂಗಿದರೂ ನೆತ್ತಿಗೆ ಹತ್ತತೊಡಗಿತು. ಆಸ್ಪತ್ರೆಯವರು ಪರೀಕ್ಷೆ ಮಾಡಿ, ನುಂಗುವಾಗ ಗದ್ದವನ್ನು ಎದೆಯ ಕಡೆಗೆ ತಗ್ಗಿಸಬೇಕು ಎಂದರು. ಅದನ್ನು ಕಲಿಸಲು ಮನೆಗೆ ಬರುತ್ತಿದ್ದ ಲಿಸ್ ಎಂಬ ಹುಡುಗಿ ಬೆವತುಹೋದಳು. ತುತ್ತು ಬಾಯಿಗೆ ಹೋದೊಡನೆ ಅತ್ತೆಯ ತಲೆ ಕಂಬದಂತೆ ನೆಟ್ಟಗಾಗುತ್ತಿತ್ತು.

"ಗದ್ದ ಇಳಿಸಿ ಅಜ್ಜಿ," ಎಂದಳು ಲಿಸ್.

"ಸೀಸೆ ಬಿದ್ದೋಗುತ್ತೆ ಕಣೆ."

"ಸೀಸೆ ಎಲ್ಲಿದೆ?"

"ಇಲ್ಲ ಅಂತ ನಂಗೊತ್ತು. ಕುತ್ತಿಗೆಗೆ ಗೊತ್ತಿಲ್ಲ."

ನನಗೆ ರೇಗಿತು. "ಕುಣಿದು ಸೀಸೆ ಇಳಿಸಿದ್ಮೇಲೆ ಏನ್ ಮಾಡ್ತಿದ್ರಿ ಅತ್ತೆ?"

"ಜನ ಚಪ್ಪಾಳೆ ಹೊಡೀತಿದ್ರು. ನಾನು ತಲೆ ಬಗ್ಗಿಸ್ತಿದ್ದೆ."

ಜೋಳದ ಉಂಡೆಗಳ ಸಮೇತ ಅರೆದ ವೋರಿ ವೋರಿ ಸಾರನ್ನು ಒಂದು ಚಮಚ ಅವರ ಬಾಯಿಗಿಟ್ಟು, ಚಪ್ಪಾಳೆ ತಟ್ಟಿದೆ. ಗದ್ದ ಎದೆಯತ್ತ ಬಾಗಿತು. ಸಾರು ಕೆಮ್ಮಿಲ್ಲದೆ ಇಳಿಯಿತು.

ಅಂದಿನಿಂದ ಒಂದು ಬಟ್ಟಲು ಸಾರಿಗೆ ಮೂವತ್ತು ಚಪ್ಪಾಳೆ. ನನ್ನ ಅಂಗೈ ದಪ್ಪಗಾಗಿದೆ. ನಿನ್ನೆ ಬಟ್ಟಲು ಖಾಲಿಯಾದಾಗ ಕೆಣಕಿದೆ: "ಅಂತೂ ನನ್ನ ಸಾರಿಗೆ ತಲೆ ಬಗ್ಗಿಸಿದ್ರಲ್ಲ ಅತ್ತೆ."

ಅತ್ತೆ ಬಾಯಿ ಒರೆಸಿಕೊಂಡು ನಿಧಾನವಾಗಿ ಗದ್ದ ಮೇಲೆತ್ತಿದರು.

"ಬಗ್ಗಿಸಿದ್ದು ಚಪ್ಪಾಳೆಗೆ. ಸಾರಿಗೆ ಉಪ್ಪು ಸಾಲ್ದು."