ಬಸ್ಸು ಬಂದಾಗ ಎಂಟೂವರೆ

ನಮ್ಮ ಯಜಮಾನರು ವ್ಯಾನ್ ಡ್ರೈವರ್ ಆಗಿದ್ದರು ಅಂದರೆ ಈಗಿನವರು ಏನೇನೋ ಕಲ್ಪಿಸಿಕೊಳ್ಳುತ್ತಾರೆ. ಬಾಯಲ್ಲಿ ಬೀಡಿ, ಕತ್ತಿಗೆ ಕರ್ಚೀಫು, ಧೂಳೆಬ್ಬಿಸಿಕೊಂಡು ಹೋಗುವ ಧಿಮಾಕು. ಅಂಥವರೂ ಇದ್ದರು, ಇಲ್ಲ ಅನ್ನುವುದಿಲ್ಲ. ನನ್ನ ಹಣೆಯಲ್ಲಿ ಬರೆದಿದ್ದು ಬೇರೆ. ಈ ಮನುಷ್ಯ ವ್ಯಾನು ಓಡಿಸುತ್ತಿರಲಿಲ್ಲ, ಗಬ್ಬದ ಹಸುವನ್ನು ಹಳ್ಳ ದಾಟಿಸುವ ಹಾಗೆ ನಡೆಸಿಕೊಂಡು ಬರುತ್ತಿದ್ದರು.

ಅರವತ್ತನೇ ಇಸವಿಯ ಆಸುಪಾಸಿನ ಮಾತು. ಚಿಂತಾಮಣಿ ಕಡೆಯ ಹಳ್ಳಿಗಳ ರೇಷ್ಮೆಗೂಡನ್ನು ಬುಟ್ಟಿಬುಟ್ಟಿಯಾಗಿ ಹೇರಿಕೊಂಡು ಬೆಳಿಗ್ಗೆ ಶಿಡ್ಲಘಟ್ಟದ ಮಾರುಕಟ್ಟೆಗೆ ತಂದು ಇಳಿಸುವುದು ಅವರ ಕೆಲಸ. ವ್ಯಾನು ಒಬ್ಬ ಸಾಹುಕಾರರದು. ನಾವಿದ್ದದ್ದು ಶಿಡ್ಲಘಟ್ಟದಲ್ಲೇ. ನಾನು ನಮ್ಮ ಬೀದಿಯ ಕೊನೆಯಲ್ಲಿದ್ದ ಒಂದು ಕೊಟ್ಟಿಗೆಯಲ್ಲಿ ಗೂಡು ಬೇಯಿಸಿ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಿದ್ದೆ. ಗೂಡಿನ ಒಳಗೆ ಹುಳು ಇನ್ನೂ ಬದುಕಿರುತ್ತದೆ. ಗಾಡಿ ಎತ್ತಿ ಕುಕ್ಕಿದರೆ ಅದು ಒಳಗೇ ಜಜ್ಜಿಹೋಗಿ ಗೂಡಿಗೆ ಕಲೆ ಹತ್ತುತ್ತದೆ, ನೂಲು ಹೆಜ್ಜೆಹೆಜ್ಜೆಗೂ ಕಿತ್ತು ಬರುತ್ತದೆ. ಮದುವೆಯಾದ ಹೊಸದರಲ್ಲಿ ಒಂದು ಸಲ ಇದನ್ನು ಹೇಳಿ ಗೊಣಗಿದ್ದೆ ಅಷ್ಟೆ. ಅವತ್ತಿನಿಂದ ಅವರು ಗುಂಡಿ ಕಂಡರೆ ಸಾಕು, ವ್ಯಾನನ್ನು ನಿಲ್ಲಿಸಿದಂತೆ ಮಾಡಿ ಇಳಿಸಿ, ಹತ್ತಿಸಿ ಬರುತ್ತಿದ್ದರು. ಹೆಂಡತಿಯ ಮಾತನ್ನು ಅಷ್ಟು ಗಟ್ಟಿಯಾಗಿ ಹಿಡಿದುಕೊಂಡ ಗಂಡಸನ್ನು ನಾನು ಬೇರೆ ಕಂಡಿಲ್ಲ.

ಒಂದು ಸಲ ಚಿಂತಾಮಣಿಯ ಸೋದರತ್ತೆ ಮನೆಯಿಂದ ಅದೇ ವ್ಯಾನಿನಲ್ಲಿ, ಅವರ ಪಕ್ಕದಲ್ಲಿ ಕೂತು ಬಂದೆ. ಇಳಿಜಾರಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡ ಒಬ್ಬ ಸೈಕಲ್‌ನವನು ನಮ್ಮನ್ನು ಹಿಂದೆ ಹಾಕಿ, ತಿರುಗಿ ನೋಡಿ ನಕ್ಕ. ನನಗೆ ಅವಮಾನವಾಯಿತು.

"ಸ್ವಲ್ಪ ಒತ್ರೀ ಅದನ್ನ," ಅಂದೆ.

"ಅವನ ಹಿಂದೆ ಗೂಡಿಲ್ಲ ಕಣೇ," ಅಂದರು. ಅಷ್ಟೇ ಮಾತು.

ಆ ವರ್ಷ ಬೇಸಿಗೆಯಲ್ಲಿ ಯಾವನೋ ಒಬ್ಬ ಡ್ರೈವರು ಇನ್ನೊಬ್ಬ ಸಾಹುಕಾರನ ವ್ಯಾನನ್ನು ಎತ್ತಿನಗಾಡಿಗೆ ಗುದ್ದಿಸಿ, ಗಾಡಿಯವನ ಕಾಲು ಹೋಯಿತು. ಅದಾದ ಮೇಲೆ ಬಂದಿದ್ದು ಚೀಟಿಯ ಕಾಯಿದೆ. ವ್ಯಾನು ಗಂಟೆಗೆ ಇಪ್ಪತ್ತೈದು ಮೈಲಿ ದಾಟಬಾರದು. ಇದನ್ನು ಹಿಡಿಯುವುದು ಹೇಗೆ? ಚಿಂತಾಮಣಿ ಬಿಡುವಾಗ ಅಲ್ಲಿನ ಚೌಕಿಯ ಪೊಲೀಸಿನವನು ಹೊರಟ ಹೊತ್ತನ್ನು ಒಂದು ಚೀಟಿಯಲ್ಲಿ ಬರೆದುಕೊಡುತ್ತಾನೆ. ಶಿಡ್ಲಘಟ್ಟದ ಚೌಕಿಯವನು ತಲುಪಿದ ಹೊತ್ತು ನೋಡುತ್ತಾನೆ. ಗೊತ್ತುಮಾಡಿದ ಹೊತ್ತಿಗಿಂತ ಮೊದಲೇ ಬಂದರೆ ಜೋರಾಗಿ ಓಡಿಸಿದ ಅಂತಲೇ ಲೆಕ್ಕ. ದಂಡದ ಜೊತೆಗೆ ಲೈಸೆನ್ಸಿನ ಮೇಲೆ ಒಂದು ಗುರುತು. ಮೂರು ಗುರುತು ಬಿದ್ದರೆ ಲೈಸೆನ್ಸ್ ಹೋಯಿತು. ಕಾಯಿದೆ ಬಂದ ದಿನ ನಾನು ಸಕ್ಕರೆ ಹಾಕಿ ಪಾಯಸ ಮಾಡಲಿಲ್ಲ ಅಷ್ಟೇ, ಸಂತೋಷವಂತೂ ಆಗಿತ್ತು. ಇನ್ನಾದರೂ ಆ ಪುಂಡರು ಹದಕ್ಕೆ ಬರುತ್ತಾರೆ, ಕಲೆಯಿಲ್ಲದ ಗೂಡು ನನ್ನ ಕೈಗೆ ಬರುತ್ತದೆ ಅಂದುಕೊಂಡೆ.

ಮೊದಲ ಗುರುತು ಬಿದ್ದಿದ್ದು ನಮ್ಮ ಯಜಮಾನರಿಗೆ.

ಮನೆಗೆ ಬಂದು ಲೈಸೆನ್ಸನ್ನು ನನ್ನ ಮುಂದೆ ಇಟ್ಟರು. ಮಾರುಕಟ್ಟೆಯಲ್ಲಿ ಎಲ್ಲರೂ ಬಿದ್ದುಬಿದ್ದು ನಕ್ಕರಂತೆ. ಆಮೆಗೆ ಓಟದಲ್ಲಿ ದಂಡ ಹಾಕಿದರು ಅಂತ. ನನಗೆ ನಗು ಬರಲಿಲ್ಲ, ಮೈಯೆಲ್ಲ ಉರಿಯಿತು. ಮಾರನೆಯ ದಿನ ಕೆಲಸಕ್ಕೆ ಚಕ್ಕರ್ ಹೊಡೆದು ನೇರವಾಗಿ ಚೌಕಿಗೆ ಹೋದೆ.

ಅಲ್ಲಿದ್ದ ಪೊಲೀಸಿನವರು ಕೆಟ್ಟವರಾಗಿದ್ದಿದ್ದರೆ ಎಷ್ಟು ಚೆನ್ನಾಗಿತ್ತು. ವಯಸ್ಸಾದ ಮನುಷ್ಯ, ಸಾಧು. "ಬಾರಮ್ಮ, ಕೂತ್ಕೋ" ಅಂತ ಬೆಂಚು ಒರೆಸಿಕೊಟ್ಟರು. ಗೋಡೆಯ ಮೇಲೆ ಒಂದು ಹಳೆಯ ಗಡಿಯಾರ, ರಾತ್ರಿ ಯಾವಾಗಲೋ ನಿಂತುಹೋಗಿತ್ತು. ನಾನು ಬಾಯಿ ತೆಗೆಯುವಷ್ಟರಲ್ಲಿ ಬೆಂಗಳೂರಿನಿಂದ ಬರುವ ಬೆಳಗಿನ ಬಸ್ಸು ಬಂದು ನಿಂತಿತು. ಅವರು ಎದ್ದು, ಸ್ಟೂಲು ಹತ್ತಿ, ಗಡಿಯಾರಕ್ಕೆ ಕೀಲಿ ಕೊಟ್ಟು, ಮುಳ್ಳನ್ನು ಎಂಟೂವರೆಗೆ ತಿರುಗಿಸಿ ಇಳಿದರು.

"ಏನ್ ಮಾಡಿದ್ರಿ ಈಗ?" ಅಂದೆ.

"ಬಸ್ಸು ಬಂತಲ್ಲಮ್ಮ. ಎಂಟೂವರೆ."

ಮಿಲ್ಲಿನ ಎಂಟೂವರೆಯ ಸೈರನ್ನು ಕೂಗಿದಾಗ ನಾನು ಇನ್ನೂ ಮನೆಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದೆ. ಆಮೇಲೆ ಬೀಗ ಹಾಕಿ ಊರಿನ ಈ ತುದಿಗೆ ನಡೆದುಬಂದಿದ್ದೆ. ಆ ಬಸ್ಸು ಚಿಕ್ಕಬಳ್ಳಾಪುರದಲ್ಲಿ ನಿಂತರೆ ತರಕಾರಿ ಮೂಟೆ ಹೇರಿಕೊಳ್ಳದೆ ಅಲ್ಲಾಡುವುದಿಲ್ಲ ಅಂತ ಊರಿಗೆಲ್ಲ ಗೊತ್ತು. ಸರಿಯಾದ ಹೊತ್ತಿಗೆ ಬಂದಿದ್ದನ್ನು ಕಂಡವರೇ ಇರಲಿಲ್ಲ. ಈಗ ನನಗೆ ಅರ್ಥವಾಯಿತು. ಚಿಂತಾಮಣಿ ಚೌಕಿಯವನ ಕೈಗಡಿಯಾರ ಸರಿಯಾಗಿ ನಡೆಯುತ್ತದೆ, ಇಲ್ಲಿನದು ಬಸ್ಸಿನ ಜೊತೆ ಹಿಂದೆ ಬೀಳುತ್ತದೆ. ಬಸ್ಸು ಎಷ್ಟು ತಡವಾಗಿ ಬಂದರೆ ನನ್ನ ಗಂಡ ಅಷ್ಟು ಜೋರಾಗಿ ಓಡಿಸಿದ ಹಾಗೆ.

"ಸೈರನ್ ಕೇಳಿ ಸರಿಮಾಡ್ಕೊಳ್ಳಬಾರ್ದಾ?" ಅಂತ ಕೇಳಿದೆ.

ಅವರಿಗೆ ನನ್ನ ಮೇಲೆ ಕನಿಕರ ಬಂತು. "ಸೈರನ್ನು ಯಾವನೋ ಕೂಗಿಸ್ತಾನೆ ಕಣಮ್ಮ. ಬಸ್ಸಿನ ಟೈಮು ಹಂಗಲ್ಲ. ಸರ್ಕಾರ ಮೊಹರು ಹಾಕಿ ಕೊಟ್ಟಿರೋದು. ಅಗೋ, ಬೋರ್ಡ್ ಮೇಲೆ ಬರ್ದೈತೆ ನೋಡು."

ಇಂಥವರ ಜೊತೆ ಜಗಳ ಆಡುವುದು ಹೇಗೆ? ಗೋಡೆಗೆ ಹಣೆ ಚಚ್ಚಿಕೊಂಡರೆ ನೋವು ನಮಗೇ. ಅವರು ಕೊಟ್ಟ ನೀರು ಕುಡಿದು ಎದ್ದುಬಂದೆ.

ಬೇರೆ ಡ್ರೈವರುಗಳು ಗುರುತು ಬೀಳದೆ ಹೇಗೆ ಬಚಾವಾಗುತ್ತಿದ್ದರು ಅಂತ ಕೇಳಿ. ಊರಿಗೆ ಒಂದೂವರೆ ಮೈಲಿ ಇರುವಾಗ ರಸ್ತೆ ಪಕ್ಕ ಒಬ್ಬಾಕೆ ತೆಲುಗಿನವಳು ಟೀ ಅಂಗಡಿ ಹಾಕಿಕೊಂಡಿದ್ದಳು. ಆ ಪುಂಡರು ಮೊದಲಿನ ಹಾಗೇ ಪ್ರಾಣ ಹೋಗುವಂತೆ ಓಡಿಸಿಕೊಂಡು ಬಂದು, ಅಲ್ಲಿ ನಿಲ್ಲಿಸಿ, ಕಾಲು ಚಾಚಿ ಕೂತು ಟೀ ಕುಡಿದು, ಹೊತ್ತು ಕಳೆದು, ಆಮೇಲೆ ಸಾಧುಗಳ ಹಾಗೆ ಚೌಕಿಗೆ ಬರುತ್ತಿದ್ದರು. ಆಕೆಗೂ ನಮ್ಮವರನ್ನು ಕಂಡರೆ ಮರುಕ. "ಕೂಚೋ ನಾಯ್ನಾ, ಕೂಚೋ" ಅಂತ ಬೆಂಚು ತೋರಿಸಿ ಕರೆದರೂ ಇವರು ಕೈಮುಗಿದು ಮುಂದೆ ಹೋಗುತ್ತಿದ್ದರಂತೆ.

"ತಪ್ಪು ಮಾಡ್ದೋರು ಕಾಯ್ತಾರೆ. ನಾನ್ಯಾಕೆ ಕಾಯ್ಲಿ?" ಅನ್ನುವುದು ಅವರ ವಾದ.

ಎರಡನೇ ಗುರುತು ಬಿತ್ತು. ಅವತ್ತು ಮನೆಯಲ್ಲಿ ನಾನು ಕೂಗಾಡಿದ್ದು ಬೀದಿಗೆಲ್ಲ ಕೇಳಿಸಿರಬೇಕು. ನಿಮ್ಮ ಸತ್ಯ ಕಟ್ಟಿಕೊಂಡು ಏನು ಮಾಡೋಣ, ಒಲೆ ಮೇಲೆ ಬೇಯಿಸೋಣವಾ ಅಂದೆ. ಲೈಸೆನ್ಸ್ ಹೋದರೆ ನಿಮಗೆ ಬೇರೆ ಏನು ಬರುತ್ತೆ ಅಂದೆ. ಈ ಮಾತು ಅವರಿಗೆ ನಾಟಿತು. ಯಾಕೆಂದರೆ ಅದು ನಿಜ. ಅವರಿಗೆ ವ್ಯಾನು ಬಿಟ್ಟು ಬೇರೆ ಏನೂ ಬರುತ್ತಿರಲಿಲ್ಲ, ಬೇರೆ ಏನೂ ಬೇಕಾಗಿಯೂ ಇರಲಿಲ್ಲ. ಭಾನುವಾರ ಸಾಹುಕಾರರ ಮನೆಯ ಮುಂದೆ ಹೋಗಿ, ಯಾರೂ ಕರೆಯದಿದ್ದರೂ, ಅದನ್ನು ತೊಳೆದು ಒರೆಸಿ ಬರುತ್ತಿದ್ದರು. ಹೆಂಡತಿಯ ಕಾಲು ನೋವಿಗೆ ಎಣ್ಣೆ ತಿಕ್ಕಲು ಹೊತ್ತಿಲ್ಲದ ಮನುಷ್ಯ ಆ ವ್ಯಾನಿನ ಬಾಗಿಲಿನ ಕೀಲಿಗೆ ತಪ್ಪದೆ ಎಣ್ಣೆ ಬಿಡುತ್ತಿದ್ದರು.

ಮಾರನೆಯ ದಿನದಿಂದ ಅವರೂ ಟೀ ಅಂಗಡಿಯಲ್ಲಿ ನಿಲ್ಲಿಸತೊಡಗಿದರು. ನಾನು ಹೇಳಿದ್ದಕ್ಕೆ. ಇವತ್ತಿಗೂ ನಾನು ಹೇಳಿದ್ದು ಸರಿ ಅಂತಲೇ ಅನ್ನುತ್ತೇನೆ. ನಿಧಾನವಾಗಿ ಬರುವುದು, ಬಂದು ಮತ್ತೆ ಕಾಯುವುದು, ಬಿಸಿಲು ಏರಿ ಗೂಡು ಬಾಡುವುದು, ಹರಾಜಿಗೆ ಕೊನೆಯಲ್ಲಿ ತಲುಪುವುದು. ಸಾಹುಕಾರರು ಬೈಯತೊಡಗಿದರು. ಇತ್ತ ಚೌಕಿಗೆ ಇವರ ವ್ಯಾನು ಬೇಗ, ಅತ್ತ ಸಾಹುಕಾರರಿಗೆ ಅದೇ ವ್ಯಾನು ತಡ. ಎರಡೂ ಕಡೆ ತಲೆ ತಗ್ಗಿಸಿ ನಿಲ್ಲುವವರು ನಮ್ಮವರು.

ಹೀಗೇ ಮಳೆಗಾಲ ಕಳೆಯಿತು. ಒಂದು ದಿನ ಬಸ್ಸು ದೇವನಹಳ್ಳಿಯ ಹತ್ತಿರ ಪಂಕ್ಚರ್ ಆಗಿ ದಿನಕ್ಕಿಂತ ಬಹಳ ತಡವಾಗಿ ಬಂತು. ನಮ್ಮವರು ಟೀ ಅಂಗಡಿಯಲ್ಲಿ ಎಂದಿನಷ್ಟು ಹೊತ್ತು ಕಾದೇ ಅದರ ಬೆನ್ನಿಗೇ ಬಂದಿದ್ದರು. ಪಂಕ್ಚರಿನ ಸುದ್ದಿ ಅವರಿಗೆ ಹೇಗೆ ಗೊತ್ತಾಗಬೇಕು? ಮೂರನೇ ಗುರುತು ಬಿತ್ತು. ಚೌಕಿಯ ಆ ಸಾಧು ಮನುಷ್ಯರು ಗುರುತು ಬರೆಯುತ್ತಾ, "ಇಷ್ಟು ಹೇಳಿದ್ರೂ ಯಾಕಪ್ಪ ಹಿಂಗೆ ಓಡಿಸ್ತೀಯ?" ಅಂತ ಬೇಜಾರು ಮಾಡಿಕೊಂಡರಂತೆ.

ಕೋರ್ಟಿಗೆ ಹೋಗೋಣ ಅಂತ ಹಠ ಹಿಡಿದವಳು ನಾನು. ಮ್ಯಾಜಿಸ್ಟ್ರೇಟರು ಎಳೆಯ ವಯಸ್ಸಿನವರು, ತಾಳ್ಮೆಯಿಂದ ಕೇಳಿದರು. ನಮ್ಮವರು ತೊದಲುತ್ತಾ ಬಸ್ಸು, ಗಡಿಯಾರ, ಎಂಟೂವರೆ ಅಂತ ಹೇಳಿದಾಗ ಕೋರ್ಟಿನಲ್ಲಿದ್ದವರು ನಕ್ಕರು, ಅವರು ನಗಲಿಲ್ಲ. "ಪರೀಕ್ಷೆ ಮಾಡಿಸೋಣ" ಅಂದರು. ಮುಂದಿನ ವಿಚಾರಣೆಯ ದಿನ ಬೆಳಿಗ್ಗೆ ಕೋರ್ಟಿನ ಜವಾನ ಮ್ಯಾಜಿಸ್ಟ್ರೇಟರದೇ ಕೈಗಡಿಯಾರ ತೆಗೆದುಕೊಂಡು ಚೌಕಿಗೆ ಹೋಗಿ ಎರಡನ್ನೂ ತಾಳೆ ನೋಡಿ ಬರಬೇಕು ಅಂತ ಆಜ್ಞೆಯಾಯಿತು. ಲೈಸೆನ್ಸ್ ಕಚೇರಿಯ ಅಧಿಕಾರಿಯೂ ಅವತ್ತು ಬಂದು ಹಾಜರಾಗಬೇಕು. ಹೊರಗೆ ಬಂದಾಗ ನಮ್ಮವರ ಮುಖದಲ್ಲಿ ಬೆಳಕಿತ್ತು. ದೊಡ್ಡವರು ಕೇಳಿದರೆ ಹೀಗೇ ಕಣೇ, ನ್ಯಾಯ ಅನ್ನೋದು ಎಲ್ಲಿಗೆ ಹೋಗತ್ತೆ ಅಂದರು. ನಾನೂ ನಂಬಿದೆ. ಆ ಬಸ್ಸು ಸರಿಯಾದ ಹೊತ್ತಿಗೆ ಬರುವುದುಂಟೇ?

ಆ ದಿನ ಬೆಳಿಗ್ಗೆ ನಾನು ಜವಾನನಿಗಿಂತ ಮೊದಲೇ ಚೌಕಿಯ ಮುಂದೆ ಇದ್ದೆ. ಮಿಲ್ಲಿನ ಸೈರನ್ನು ಕೂಗುತ್ತಿತ್ತು. ಕೂಗು ಮುಗಿಯುವ ಮೊದಲೇ ಬಸ್ಸು ತಿರುವಿನಲ್ಲಿ ಕಂಡಿತು. ಬಂದು ನಿಂತಿತು. ಒಂದು ತರಕಾರಿ ಮೂಟೆಯೂ ಮೇಲಿರಲಿಲ್ಲ. ಕಂಡಕ್ಟರು ಮೊದಲು ಇಳಿದು ಬಾಗಿಲು ಹಿಡಿದು ನಿಂತ. ಕೋಟು ಹಾಕಿಕೊಂಡ ಒಬ್ಬರು ಇಳಿದರು, ಅವರ ಚೀಲ, ಛತ್ರಿ ಎರಡೂ ಕಂಡಕ್ಟರನ ಕೈಯಲ್ಲಿ. ಯಾರು ಅಂತ ಕಂಡಕ್ಟರನನ್ನು ಕೇಳಿದೆ. ಲೈಸೆನ್ಸ್ ಕಚೇರಿಯ ಸಾಹೇಬರು, ಇವತ್ತು ಇಲ್ಲಿ ಕೋರ್ಟಿನಲ್ಲಿ ಏನೋ ಕೇಸಂತೆ ಅಂದ.

ನಮ್ಮ ಕೇಸೇ. ಬಸ್ಸುಗಳಿಗೆ ಪರ್ಮಿಟ್ಟು ಕೊಡುವ ಕಚೇರಿಯವರು ಮುಂದಿನ ಸೀಟಿನಲ್ಲಿ ಕೂತಿದ್ದರೆ ಯಾವ ಬಸ್ಸು ತಡ ಮಾಡುತ್ತದೆ? ಚೌಕಿಯ ಮುದುಕರು ಸ್ಟೂಲು ಹತ್ತಿ ಮುಳ್ಳು ತಿರುಗಿಸಿದರು. ಜವಾನ ಕೈಗಡಿಯಾರ ಪಕ್ಕಕ್ಕೆ ಹಿಡಿದ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಕೋರ್ಟಿನಲ್ಲಿ ಜವಾನ ಹಾಗೇ ಹೇಳಿದ. ನಾನು ಹಿಂದಿನಿಂದ "ಇವತ್ತೊಂದಿನ ಸ್ವಾಮಿ, ಇವತ್ತೊಂದೇ ದಿನ!" ಅಂತ ಕೂಗಿದೆ. ಸುಮ್ಮನಿರಿಸಿದರು. ಮ್ಯಾಜಿಸ್ಟ್ರೇಟರು ನಮ್ಮವರನ್ನೇ ಕೇಳಿದರು, ಬೆಳಿಗ್ಗೆ ಗಡಿಯಾರ ಸರಿಯಾಗಿತ್ತೋ ಇಲ್ಲವೋ ಅಂತ. ಬೇರೆ ಯಾರಾದರೂ ಆಗಿದ್ದರೆ ಏನಾದರೂ ಹೇಳಿ ಎಳೆಯುತ್ತಿದ್ದರು. ಇವರು, "ಇವತ್ತು ಸರಿಯಾಗಿತ್ತು ಸ್ವಾಮಿ" ಅಂದರು. ನಿಮ್ಮ ಬಾಯಲ್ಲೇ ಬಂತಲ್ಲ ಅಂತ ಅವರು ಬರೆಯತೊಡಗಿದರು.

ಲೈಸೆನ್ಸ್ ಹೋಯಿತು. ಸಾಹುಕಾರರು ಟೀ ಅಂಗಡಿಯ ಪುಂಡರಲ್ಲೇ ಒಬ್ಬನನ್ನು ಇಟ್ಟುಕೊಂಡರು. ಅವನ ಲೈಸೆನ್ಸಿನ ಮೇಲೆ ಒಂದು ಗೀಟೂ ಬೀಳಲಿಲ್ಲ. ಅವನು ತಂದ ಗೂಡು ನನ್ನ ಬಾಣಲೆಗೂ ಬರುತ್ತಿತ್ತು, ಕಲೆ ನೋಡಿಯೇ ಗುರುತು ಹಿಡಿಯುತ್ತಿದ್ದೆ. ನಮ್ಮವರು ಅದೇ ಮಾರುಕಟ್ಟೆಯಲ್ಲಿ, ಅದೇ ವ್ಯಾನಿನಿಂದ ಬುಟ್ಟಿ ಇಳಿಸುವ ಕೂಲಿಗೆ ನಿಂತರು. ಹೋಗಬೇಡಿ ಅಂದೆ. ಬೇರೆ ಏನು ಬರತ್ತೆ ನನಗೆ ಅಂದರು. ನನ್ನ ಮಾತನ್ನೇ ಹೇಳಿದ್ದು.

ನಾನು ಮಾತ್ರ ಬಿಡಲಿಲ್ಲ. ನೀರಿನ ಸಾಲಿನಲ್ಲಿ, ಕೆಲಸದ ಕೊಟ್ಟಿಗೆಯಲ್ಲಿ, ಮದುವೆ ಮುಂಜಿಯಲ್ಲಿ, ಸಿಕ್ಕಿದವರಿಗೆಲ್ಲ ಬಸ್ಸಿನ ಕಥೆ ಹೇಳುತ್ತಿದ್ದೆ. ಜನ ನನ್ನನ್ನು ಕಂಡರೆ ದಾರಿ ಬದಲಿಸುತ್ತಿದ್ದರು. ನಾನು ಅಷ್ಟು ಆಡುವಾಗ ಅವರು ತುಟಿ ಬಿಚ್ಚುತ್ತಿರಲಿಲ್ಲ. ದುಃಖಕ್ಕೆ ಸುಮ್ಮನಿದ್ದಾರೆ ಅಂದುಕೊಂಡಿದ್ದೆ.

ಎರಡು ಮೂರು ವರ್ಷ ಕಳೆದಿರಬೇಕು. ಗೌರಿಬಿದನೂರಿನಿಂದ ನಮ್ಮವರ ಷಡ್ಡಕರು ಬಂದಿದ್ದರು. ಅಂದರೆ ನನ್ನ ತಂಗಿಯ ಗಂಡ. ಅವರಿಗೂ ಅಲ್ಲಿ ಒಂದು ವ್ಯಾನಿನ ಕೆಲಸ ಸಿಕ್ಕಿತ್ತು, ಅನುಭವ ಇದ್ದವರು ನಾಲ್ಕು ಮಾತು ಹೇಳಲಿ ಅಂತ ಬಂದಿದ್ದರು. ಊಟಕ್ಕೆ ಕೂತಿದ್ದರು. ನಾನು ಮುದ್ದೆ ಬಡಿಸುತ್ತಿದ್ದೆ.

"ಜೋರಾಗಿ ಮಾತ್ರ ಓಡಿಸ್ಬೇಡಪ್ಪ," ಅಂದರು ನಮ್ಮವರು. "ನಾನು ಓಡಿಸಿ ಕೆಟ್ಟೆ."

ತಮಾಷೆ ಅಂದುಕೊಂಡು ಅವರ ಮುಖ ನೋಡಿದೆ. ತಮಾಷೆಯಾಗಿರಲಿಲ್ಲ.

"ನೀವು ಯಾವಾಗ್ರೀ ಓಡಿಸಿದ್ದು?" ಅಂದೆ. "ಸೈಕಲ್ಲು ನಿಮ್ಮನ್ನ ಹಿಂದೆ ಹಾಕ್ತಿತ್ತು. ನಾನೇ ಪಕ್ಕದಲ್ಲಿ ಕೂತಿದ್ದೆ."

ಅವರು ಸಾರಿನಲ್ಲಿ ಮುದ್ದೆ ಹೊರಳಿಸಿದರು. "ಮೂರು ಸಲ ಬರ್ದವ್ರೆ ಕಣೇ," ಅಂದರು, ನನಗೆ ಸಮಾಧಾನ ಹೇಳುವ ಧ್ವನಿಯಲ್ಲಿ. "ಮೂರು ಸಲಾನೂ ಸುಳ್ಳು ಬರೀತಾರಾ? ಕೋರ್ಟಲ್ಲೂ ನೋಡಿದ್ರಲ್ಲ. ನನಗೇ ಗೊತ್ತಾಗ್ದಂಗೆ ಕಾಲು ಒತ್ತಿರತ್ತೆ."

ಅವತ್ತಿನಿಂದ ನಾನು ಬಸ್ಸಿನ ಮಾತು ಎತ್ತಲಿಲ್ಲ. ಇನ್ನು ಯಾರ ಪರವಾಗಿ ಜಗಳ ಆಡಲಿ?