ತಿರುವಿನ ಹಿಂದಿನ ಜಾಗ

ಹಗ್ಗದಕ್ಕ ಅನ್ನುವ ಹೆಸರು ಅವಳಿಗೆ ಗಂಡನಿಂದ ಬಂದದ್ದು. ಗಂಡ ಹಗ್ಗದ ಮೇಸ್ತ್ರಿ. ನದಿ ಹೋಗಿ ಸಮುದ್ರ ಸೇರುವ ಅಳಿವೆಯ ಒಳಗೆ, ಬೇರೆಯವರು ಬಿಟ್ಟುಹೋದ ದೋಣಿಗಳನ್ನು ಕಟ್ಟಿ ಕಾಯುವುದು ಅವನ ಕೆಲಸ. ಅವನು ಹಾಸಿಗೆ ಹಿಡಿದ ಮೇಲೆ ಕೆಲಸ ಇವಳದಾಯಿತು. ಯಾರೂ ಕೊಡಲಿಲ್ಲ, ಇವಳೂ ಕೇಳಲಿಲ್ಲ. ಮಾರನೇ ದಿನ ದೋಣಿಗಳು ನೀರಿನಲ್ಲೇ ಇದ್ದವು. ಯಾರಾದರೂ ನೋಡಬೇಕಿತ್ತು. ನೋಡಿದಳು.

ಹಾಯಿದೋಣಿ ಕಟ್ಟಿಕೊಂಡು ಕರಾವಳಿ ಉದ್ದಕ್ಕೂ ಊರೂರು ತಿರುಗುವ ಜನ ಇರುತ್ತಾರೆ. ಗಾಳಿಯ ತಿಂಗಳು ಬಂತೆಂದರೆ ಅವರಿಗೆ ಸಮುದ್ರದ ಮೇಲೆ ಇರೋಕಾಗಲ್ಲ. ದೋಣಿ ಎಲ್ಲಾದರೂ ಬಿಟ್ಟು ಮನೆ ಸೇರಬೇಕು. ಎಲ್ಲಿ ಬಿಡೋದು? ದೋಣಿ ಅಂದರೆ ಸೈಕಲ್ಲಲ್ಲ, ಗೋಡೆಗೆ ಒರಗಿಸಿ ಬೀಗ ಹಾಕಿ ಹೋಗೋಕೆ. ನೀರು ಸುಮ್ಮನಿರುವ ದಿನ ಯಾವ ಬಂದರು ನೋಡಿದರೂ ತಾಯಿಮಡಿಲೇ. ಗಾಳಿ ದಿಕ್ಕು ಬದಲಿಸಿದ ದಿನ ಗೊತ್ತಾಗುತ್ತದೆ ಯಾವುದು ತಾಯಿ, ಯಾವುದು ಮಲತಾಯಿ ಅಂತ.

ಈ ಅಳಿವೆ ಒಳ್ಳೆಯದು. ಅದರಲ್ಲೂ ನದಿ ಒಂದು ಕಡೆ ಮೊಣಕೈಯ ಹಾಗೆ ತಿರುಗುತ್ತದೆ. ತಿರುವಿನ ಹಿಂದೆ ಗುಡ್ಡ ಅಡ್ಡ ನಿಂತಿದೆ. ಸಮುದ್ರದ ಗಾಳಿ ಎಷ್ಟೇ ಕೂಗಾಡಿದರೂ ಅಲ್ಲಿಗೆ ಕೂಗು ಮಾತ್ರ ಕೇಳುತ್ತದೆ, ಏಟು ಬೀಳುವುದಿಲ್ಲ. ಇಡೀ ಅಳಿವೆಯಲ್ಲಿ ಅಂಥದ್ದು ಅದೊಂದೇ ಜಾಗ. ಆ ಜಾಗದಲ್ಲಿ ಮೇಸ್ತ್ರಿಯ ಸ್ವಂತ ದೋಣಿ ಕಟ್ಟಿತ್ತು.

ಸಣ್ಣ ಮರದ ದೋಣಿ. ಅದಕ್ಕೆ ಅವನು ನೀರಿನ ತಳದಲ್ಲಿ ಹೂತಿಟ್ಟದ್ದು ಹಡಗು ತಡೆಯುವಂಥ ಕಾಂಕ್ರೀಟ್ ದಿಮ್ಮಿ, ತೊಡೆ ದಪ್ಪದ ಸರಪಳಿ; ಸರಪಳಿಯ ತುದಿಯಿಂದ ದೋಣಿಗೆ ಹಗ್ಗ. ಮೇಸ್ತ್ರಿಯ ತಮ್ಮ ನಗುತ್ತಿದ್ದ. "ಅಣ್ಣಾ, ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲೋ." ಮೇಸ್ತ್ರಿ ನಗುತ್ತಿರಲಿಲ್ಲ. "ಊರವರ ದೋಣಿ ಕಾಯೋನ ದೋಣಿಯೇ ತೇಲಿಹೋದ್ರೆ ಮುಖ ಎಲ್ಲಿ ಇಟ್ಕೊಳ್ಳೋದು?" ಅನ್ನುತ್ತಿದ್ದ.

ಕೊನೆಯ ಸಲ ಆ ದೋಣಿ ಕಟ್ಟಿ ಬಂದವನು ಬೆನ್ನು ನೋವು ಅಂತ ಮಲಗಿದ. ಮತ್ತೆ ಏಳಲಿಲ್ಲ. ವರ್ಷದ ಮೇಲೆ ಹಾಸಿಗೆಯಲ್ಲೇ ಕಳೆದ. ಬೆನ್ನು ಹುಣ್ಣಾಗಬಾರದು ಅಂತ ಅವನನ್ನು ಆ ಕಡೆ ಈ ಕಡೆ ಹೊರಳಿಸಿ ಹೊರಳಿಸಿ ಇವಳ ಸೊಂಟ ಬಿದ್ದುಹೋಯಿತು. ಅವನು ಹೋದ. ದಣಿವು ಹೋಗಲಿಲ್ಲ. ಮಲಗಿದರೂ ಇಳಿಯದ ದಣಿವು ಅದು, ಎದ್ದರೆ ಜೊತೆಗೇ ಏಳುತ್ತಿತ್ತು.

ಕೆಲಸ ಮಾತ್ರ ತಪ್ಪಿಸಲಿಲ್ಲ. ಕಾಯುವ ಕೆಲಸ ಅಂದರೆ ದಡದಲ್ಲಿ ಕೂತು ನೋಡುವುದಲ್ಲ. ಹಗ್ಗ ದೋಣಿಯ ಮೂತಿ ದಾಟಿ ನೀರಿಗಿಳಿಯುವ ಕಡೆ ಹಗಲೂ ರಾತ್ರಿ ಉಜ್ಜುತ್ತಿರುತ್ತದೆ. ಒಂದೇ ಕಡೆ ಉಜ್ಜಿದರೆ ಆನೆ ಕಟ್ಟುವ ಹಗ್ಗವೂ ಹರಿಯುತ್ತದೆ. ಅದಕ್ಕೆ ಹದಿನೈದು ದಿನಕ್ಕೊಮ್ಮೆ ಪ್ರತಿ ದೋಣಿಗೂ ಹೋಗಿ, ಗಂಟು ಬಿಚ್ಚಿ, ಹಗ್ಗವನ್ನು ಒಂದು ಗೇಣು ಆಚೆ ಎಳೆದು, ಮತ್ತೆ ಕಟ್ಟಬೇಕು. ಮೇಸ್ತ್ರಿ ಮಾಡಿದ ಕಟ್ಟಳೆ. ಹಗ್ಗದಕ್ಕ ಎಲ್ಲ ದೋಣಿಗೂ ಮಾಡಿದಳು. ಒಂದನ್ನು ಬಿಟ್ಟು.

ಗಂಡನ ದೋಣಿಗೆ ಹೋಗುತ್ತಿದ್ದಳು. ಮಳೆನೀರು ಮೊಗೆದು ಚೆಲ್ಲುತ್ತಿದ್ದಳು, ಹಕ್ಕಿ ಹಿಕ್ಕೆ ತೊಳೆಯುತ್ತಿದ್ದಳು. ಗಂಟಿಗೆ ಕೈ ಹಾಕುತ್ತಿರಲಿಲ್ಲ. ಅದು ಅವನ ಕೈಯಲ್ಲಿ ಕಟ್ಟಿದ ಗಂಟು. ಬಿಚ್ಚಿದರೆ ಮತ್ತೆ ಕಟ್ಟುವುದು ಇವಳ ಗಂಟಾಗುತ್ತದೆ. ಉಳಿದ ಎಲ್ಲವನ್ನೂ ಜನ ಹೊತ್ತುಕೊಂಡು ಹೋಗಿ ಸುಟ್ಟು ಬಂದಿದ್ದರು. ಇದೊಂದು ಇರಲಿ ಅಂತ.

ಗಾಳಿಯ ತಿಂಗಳು ಹತ್ತಿರ ಬಂದಿತ್ತು. ಅಂಥ ಒಂದು ಮಧ್ಯಾಹ್ನ ಒಂದು ಬಿಳಿ ಹಾಯಿದೋಣಿ ಅಳಿವೆಯ ಒಳಗೆ ಬಂತು. ಅದರಲ್ಲಿ ಇಬ್ಬರೇ, ಗಂಡ ಹೆಂಡತಿ. ಗಂಡ ಗಡಿಯಾರ ರಿಪೇರಿ ಮಾಡಿ ಬದುಕಿದವನು, ಹೆಂಡತಿ ಹೊಲಿಗೆಯವಳು. ಮುಪ್ಪಿನಲ್ಲಿ ಮನೆ ಮಾರಿ ದೋಣಿ ಕೊಂಡಿದ್ದರು. ದೋಣಿಯೇ ಮನೆ.

ಗಡಿಯಾರದವನು ದಡಕ್ಕೆ ಬಂದವನೇ ಕೈ ಮುಗಿದ. "ಇಲ್ಲಿ ದೋಣಿ ಕಾಯೋರು ಯಾರು?"

"ನಾನೇ. ಹೇಳಿ."

"ಜಾಗ ಬೇಕಿತ್ತಮ್ಮ. ನಾಳೆ ಬೆಳಿಗ್ಗೆ ಹೊರಡಬೇಕು. ಇವಳ ಹೊಟ್ಟೆಯಲ್ಲಿ ಗಡ್ಡೆ ಇದೆ. ಆಸ್ಪತ್ರೆಯವರು ದಿನ ಕೊಟ್ಟಿದ್ದಾರೆ. ದೊಡ್ಡ ಬಂದರಿಗೆ ಹೋದ್ವಿ, ಸರಕಿನ ಹಡಗಿಗೆ ಮಾತ್ರ ಅಂದ್ರು. ಪಕ್ಕದ ಬಂದರಲ್ಲಿ ಸೂಜಿ ಊರೋಕೂ ಜಾಗ ಇಲ್ಲ. ಇನ್ನೊಂದು ಕಡೆ ನೀರು ಚೆನ್ನಾಗಿತ್ತು, ಕಟ್ಟಿ ಮಲಗಿದ್ವಿ, ಗಾಳಿ ತಿರುಗ್ತು ನೋಡಿ, ತೊಟ್ಟಿಲ ಹಾಗೆ ತೂಗಿ ತೂಗಿ ಇವಳ ಪ್ರಾಣ ಬಾಯಿಗೆ ಬಂತು."

ಮೈದುನ ಪಕ್ಕದಲ್ಲೇ ನಿಂತಿದ್ದ. ಅವನದು ಇಂಜಿನ್ ದೋಣಿ, ಬಂದ ದೋಣಿಗಳನ್ನು ಎಳೆದು ಜಾಗಕ್ಕೆ ಮುಟ್ಟಿಸುವ ಕೆಲಸ. ಬಾಯಿ ಸುಮ್ಮನಿರುವ ಆಸಾಮಿಯಲ್ಲ. "ಜಾಗ ಇದೆ ಯಜಮಾನ್ರೇ. ತಿರುವಿನ ಹಿಂದೆ. ಅರಮನೆಯಂಥ ಜಾಗ."

"ಇಲ್ಲ," ಅಂದಳು ಹಗ್ಗದಕ್ಕ. "ಬಂಡೆ ಪಕ್ಕ ಒಂದಿದೆ. ಅದು ಕೊಡ್ತೀನಿ."

"ಬಂಡೆ ಪಕ್ಕ ಕಟ್ಟೋದೂ ಒಂದೇ, ಇವತ್ತೇ ಒಡೆದು ಸೌದೆ ಮಾಡೋದೂ ಒಂದೇ ಅತ್ತಿಗೆ. ನಿಂಗೂ ಗೊತ್ತು."

"ನೀನು ಸ್ವಲ್ಪ ಬಾಯಿ ಮುಚ್ತೀಯಾ?"

"ಮುಚ್ತೀನಿ. ಇವರ ದೋಣಿಗೆ ತಳ ಆಳ, ಕೆಸರಿಗೆ ಏರಿಸೋಕಾಗಲ್ಲ. ಅಣ್ಣನದು ಚಪ್ಪಟೆ ತಳ, ಭರತದಲ್ಲಿ ನೀರು ಏರಿದಾಗ ಕೆಸರಿಗೆ ತಳ್ಳಿದ್ರೆ ಹಾಯಾಗಿ ಕೂತಿರುತ್ತೆ. ಇಷ್ಟು ಹೇಳಿ ಮುಚ್ಚಿದೆ, ತಗೋ."

ಅದು ತೀರಿಹೋದ ಗಂಡನ ಜಾಗ ಅಂತ ಗಡಿಯಾರದವನಿಗೆ ಅರ್ಥವಾಯಿತು.  ಬೇಡಿಕೊಂಡಿದ್ದರೆ ಹಗ್ಗದಕ್ಕ ಬೈದು ಕಳಿಸುತ್ತಿದ್ದಳು. ಅವನು ಟೋಪಿ ತೆಗೆದು ತಲೆ ಒರೆಸಿಕೊಂಡು, "ಆಯ್ತಮ್ಮ, ಬಂಡೆ ಪಕ್ಕವೇ ತೋರಿಸಿ" ಅಂದ.

ಅವಳು ಅವರ ದೋಣಿ ಹತ್ತಿದಳು. ಒಳಗೆ ನಿಜಕ್ಕೂ ಮನೆ. ಎರಡು ಲೋಟ, ಎರಡು ತಟ್ಟೆ, ದೋಣಿ ವಾಲಿದರೂ ಬೀಳದ ಹಾಗೆ ಗೂಡಿನಲ್ಲಿ ಸಿಕ್ಕಿಸಿದ್ದವು. ಗೋಡೆಗೆ ಕತ್ತರಿ, ದಾರದ ಉಂಡೆ. ಹೊಲಿಗೆಯವಳು ಹಲಗೆ ಮೇಲೆ ಮಂಡಿ ಮಡಚಿ ಮಲಗಿದ್ದಳು. ಮುಖ ಅರಿಶಿನ ತೊಳೆದ ಬಟ್ಟೆ ಹಾಗಿತ್ತು.

"ಕೂತ್ಕೊಳ್ಳಿ ಅಕ್ಕ. ಏಳೋಕಾಗಲ್ಲ, ತಪ್ಪು ತಿಳ್ಕೋಬೇಡಿ."

"ಮಲಗಿ ಮಲಗಿ." ಹಗ್ಗದಕ್ಕ ಕೂತಳು. ಕೂತರೆ ಏಳುವುದು ಕಷ್ಟ ಅಂತ ಗೊತ್ತಿದ್ದೂ ಕೂತಳು. ಎಲ್ಲರಿಗೂ ಹೇಳುವ ಹಾಗೆ ಹೇಳಿದಳು. ಹದಿನೈದು ದಿನಕ್ಕೊಮ್ಮೆ ಬರ್ತೀನಿ, ಹಗ್ಗ ಒಂದು ಗೇಣು ಸರಿಸ್ತೀನಿ, ಒಳಗೆ ನೀರು ಬಂದಿದೆಯಾ ನೋಡ್ತೀನಿ, ಬಾಗಿಲು ತೆಗೆದು ಗಾಳಿ ಆಡಿಸ್ತೀನಿ.

"ಸರಿಸದಿದ್ರೆ ಏನಾಗುತ್ತೆ?"

"ಹರಿಯುತ್ತೆ. ಮೇಲಿಂದ ನೋಡಿದ್ರೆ ಗೊತ್ತಾಗಲ್ಲ."

ಹೊಲಿಗೆಯವಳು ತಲೆಯಾಡಿಸಿದಳು. "ಬಟ್ಟೆಯೂ ಹಾಗೇ. ಮಡಿಕೆಯಲ್ಲೇ ಮೊದಲು ಹರಿಯೋದು." ದಡದಲ್ಲಿ ಆಡಿದ ಮಾತು ಅವಳಿಗೂ ಕೇಳಿಸಿತ್ತು. ಕಿಟಕಿಯಾಚೆ ನೋಡುತ್ತ ಕೇಳಿದಳು. "ನಿಮ್ಮ ಯಜಮಾನರ ದೋಣಿಗೂ ಹೀಗೇ ಮಾಡ್ತೀರಲ್ಲ?"

ಕೊಂಕು ಮಾತಲ್ಲ. ಬರೀ ಮಾತಿಗೆ ಕೇಳಿದ್ದು. ಹಗ್ಗದಕ್ಕ ಸೊಂಟಕ್ಕೆ ಕೈ ಕೊಟ್ಟು, "ನೋಡ್ಕೊಂಡು ಬರ್ತೀನಿ" ಅಂತ ಎದ್ದಳು.

ಹುಟ್ಟು ಹಾಕುತ್ತ ತಿರುವಿನ ಹಿಂದಕ್ಕೆ ಹೋದಳು. ಗಂಡನ ದೋಣಿ ಎಂದಿನ ಹಾಗೆ ನಿಂತಿತ್ತು. ಗಂಟು ಎಂದಿನ ಹಾಗೆ ಬಿಗಿಯಾಗಿತ್ತು. ಹಗ್ಗ ಉಜ್ಜುವ ಕಡೆ ಮೇಸ್ತ್ರಿ ಹಳೇ ನೀರಿನ ಪೈಪಿನ ತುಂಡು ಸೀಳಿ ಸುತ್ತಿದ್ದ. ಅದನ್ನು ಇವಳು ಎಷ್ಟೋ ಸಲ ಒರೆಸಿದ್ದಳು. ಬಿಚ್ಚಿ ನೋಡಿರಲಿಲ್ಲ. ಇವತ್ತು ಉಗುರು ಹಾಕಿ ಬಿಡಿಸಿದಳು.

ಮೂರೆಳೆಯ ಹಗ್ಗದಲ್ಲಿ ಒಂದೆಳೆ ಉಳಿದಿತ್ತು. ಅದೂ ಹತ್ತಿಯ ಹಾಗೆ ಎದ್ದಿತ್ತು.

ತಿರುಗಿ ನದಿಯ ಕೆಳಗಡೆ ನೋಡಿದಳು. ತಿರುವಿನ ಹಿಂದೆ ಗಾಳಿ ಬರುವುದಿಲ್ಲ, ನಿಜ. ಮೇಲೆ ಮಳೆಯಾದರೆ ನದಿ ಉಕ್ಕಿ ಬರುತ್ತದಲ್ಲ. ಕೆಳಗಡೆ ಇವಳನ್ನು ನಂಬಿ ಬಿಟ್ಟುಹೋದವರ ದೋಣಿಗಳು ಸಾಲಾಗಿ ನಿಂತಿದ್ದವು. ಇದು ಕಿತ್ತುಕೊಂಡರೆ ನೇರ ಅವುಗಳ ಮೇಲೇ. ಮೇಸ್ತ್ರಿಯ ದೋಣಿಯೇ ಊರವರ ದೋಣಿ ಒಡೆಯುವುದು.

ಅಳು ಬರಲಿಲ್ಲ. ಸಿಟ್ಟು ಬಂತು. "ಎಲ್ಲಾ ನಂಗೇ ಬಿಟ್ಟು ಹೋದೆ," ಅಂದಳು ದೋಣಿಗೆ. "ಹಾಸಿಗೆ ನಂಗೆ. ಹಗ್ಗ ನಂಗೆ. ನಿನ್ನ ತಮ್ಮನ ಬಾಯೂ ನಂಗೆ. ನಾನೆಷ್ಟು ಅಂತ ಹೊರಲಿ?"

ದೋಣಿ ಏನು ಹೇಳುತ್ತದೆ? ಬದುಕಿದ್ದಾಗ ಅವನೇ ಮಾತಾಡುತ್ತಿದ್ದುದು ಅಷ್ಟಕ್ಕಷ್ಟೇ.

ಗಂಟಿಗೆ ಕೈ ಹಾಕಿದಳು. ಉಪ್ಪು ಕುಡಿದು ಕಲ್ಲಾಗಿತ್ತು. ಮೊಳೆ ತೂರಿಸಿ ತಿರುವಿದಳು, ಮೊಳೆ ಬಗ್ಗಿತು. ಹಲ್ಲಿನಲ್ಲಿ ಕಚ್ಚಿ ಎಳೆದಳು. ಉಗುರು ಸೀಳಿ ರಕ್ತ ಬಂತು. ಮೈದುನನ ಇಂಜಿನ್ ಸದ್ದು ಹತ್ತಿರ ಬಂತು, ನಿಂತಿತು. ಅವನು ಹಗ್ಗ ನೋಡಿದ, ಅತ್ತಿಗೆಯ ಕೈ ನೋಡಿದ.  ಸೊಂಟದಿಂದ ಚಾಕು ತೆಗೆದ.

"ಪಕ್ಕಕ್ಕೆ ಸರಿ ಅತ್ತಿಗೆ, ನಾನು ಕುಯ್ತೀನಿ."

"ಕೊಡಿಲ್ಲಿ."

"ನೋಡೋಕಾಗಲ್ಲ ನಿಂಗೆ."

"ಕೊಡು ಅಂದ್ನಲ್ಲ."

ಅವಳೇ ಕೊಯ್ದಳು. ಗಂಟನ್ನು ಬಿಟ್ಟು ಅದರ ಪಕ್ಕಕ್ಕೆ ಕೊಯ್ಯಬಹುದಿತ್ತು, ಗಂಟು ಎತ್ತಿಟ್ಟುಕೊಳ್ಳಬಹುದಿತ್ತು. ಗಂಟಿನ ಮೇಲೇ ಚಾಕು ಇಟ್ಟಳು. ಕೊಯ್ಯುವುದಕ್ಕೂ ಹೊತ್ತು ಹಿಡಿಯಿತು. ಒಳಗಿನ ಎಳೆ ಹೊಸದರ ಹಾಗೆ ಬೆಳ್ಳಗಿತ್ತು. ತುಂಡುಗಳು ನೀರಿಗೆ ಬಿದ್ದವು, ಸ್ವಲ್ಪ ದೂರ ತೇಲಿ ಮುಳುಗಿದವು.

ಸಂಜೆ ಭರತದ ನೀರು ಪೂರ್ತಿ ಏರಿದಾಗ ಮೈದುನ ಅಣ್ಣನ ದೋಣಿಯನ್ನು ಎಳೆದು ಕೆಸರಿಗೆ ಏರಿಸಿದ. ಆಮೇಲೆ ಬಿಳಿ ದೋಣಿಯನ್ನು ತಂದು ತಿರುವಿನ ಹಿಂದೆ ನಿಲ್ಲಿಸಿದರು. ಸರಪಳಿ ಗಟ್ಟಿಯಾಗಿತ್ತು. ಹಗ್ಗದಕ್ಕ ಎರಡು ಹೊಸ ಹಗ್ಗ ಹಾಕಿ ಎರಡು ಗಂಟು ಕಟ್ಟಿದಳು. ಎರಡನ್ನೂ ಎಳೆದು ನೋಡಿದಳು. ಗಡಿಯಾರದವನು ಹಿಂದೆ ಹಿಂದೆ ಸುತ್ತಿದ. ಅದು ನೋಡಿ, ಇದು ನೋಡಿ, ಈ ಕೊಳವೆಗೆ ಬಿರಡೆ ಹಾಕಿ, ಆ ಹಾಯಿಯನ್ನು ಇಲಿ ಕಡಿಯದ ಹಾಗೆ ಇಡಿ.

"ಯಜಮಾನ್ರೇ, ಮದುವೆಯಾಗಿ ಹೋಗೋ ಮಗಳಿಗೂ ಇಷ್ಟು ಹೇಳಲ್ಲ," ಅಂದಳು ಹಗ್ಗದಕ್ಕ. "ಹೋಗಿ ಮಲಗಿ. ಬೆಳಿಗ್ಗೆ ದಾರಿ ಇದೆ."

ಬೆಳಿಗ್ಗೆ ಬಾಡಿಗೆ ಕಾರು ದಡದವರೆಗೂ ಬಂತು. ನೀರು ಇಳಿದಿತ್ತು. ಮೇಸ್ತ್ರಿಯ ದೋಣಿ ಕೆಸರಿನಲ್ಲಿ ಒಂದು ಕಡೆಗೆ ವಾಲಿಕೊಂಡಿತ್ತು. ಮೈದುನ ಅದನ್ನೇ ನೋಡುತ್ತಿದ್ದ.

"ಕಂಬ ಕೊಟ್ಟು ನೆಟ್ಟಗೆ ನಿಲ್ಲಿಸಲಾ ಅತ್ತಿಗೆ?"

"ಬೇಡ ಬಿಡು. ಯಾರು ನೋಡಬೇಕು?"

ಗಡಿಯಾರದವನು ಚೀಲಗಳನ್ನು ಕಾರಿನ ಹಿಂದೆ ತುರುಕುತ್ತಿದ್ದ. ಹೊಲಿಗೆಯವಳು ಹಿಂದಿನ ಸೀಟಿನಲ್ಲಿ ಹೊಟ್ಟೆ ಹಿಡಿದು ಕೂತು, ಹಗ್ಗದಕ್ಕನನ್ನು ಕಿಟಕಿಯ ಹತ್ತಿರ ಕರೆದಳು. ದೋಣಿಯ ಬೀಗದ ಕೈ ಅವಳ ಕೈಯಲ್ಲಿ ಇಟ್ಟಳು. ಬಟ್ಟೆ ಸುತ್ತಿದ ಬೆರಳು ನೋಡಿದಳು.

"ಅಕ್ಕ, ಇದು ಅವರ ಕಿವಿಗೆ ಬೀಳೋದು ಬೇಡ, ನಿಮಗೆ ಮಾತ್ರ ಹೇಳ್ತೀನಿ. ನಾನು ವಾಪಸ್ ಬರದಿದ್ರೆ ಅವರೊಬ್ಬರೇ ಈ ದೋಣಿಗೆ ಬರಲ್ಲ. ಮುಖವೂ ನೋಡಲ್ಲ. ಹಾಗೇ ಕಟ್ಟಿರುತ್ತೆ ಇಲ್ಲಿ."

ಬರ್ತೀರಿ, ಬರದೇ ಏನು, ಅನ್ನುವ ಮಾತು ಬಾಯಿಗೆ ಬಂದಿತ್ತು. ಎಲ್ಲರೂ ಅನ್ನುವ ಮಾತು. ಇವಳಿಗೂ ಆಸ್ಪತ್ರೆಯ ಪಡಸಾಲೆಯಲ್ಲಿ ಎಷ್ಟು ಜನ ಅಂದಿದ್ದರು. ಅನ್ನಲಿಲ್ಲ.

"ನೀವು ಬರೋವರೆಗೂ ಕಾಯ್ತೀನಿ," ಅಂದಳು. "ಬರಲ್ಲ ಅಂತ ಗೊತ್ತಾದ್ರೆ ನಿಮ್ಮ ಯಜಮಾನರನ್ನ ಕರೆಸ್ತೀನಿ. ಬರದಿದ್ರೆ ನಮ್ಮ ಮೈದುನನನ್ನ ಕಳಿಸಿ ಎಳೆಸ್ಕೊಂಡು ಬರ್ತೀನಿ. ಅವರ ಕೈಯಲ್ಲೇ ಬಿಚ್ಚಿಸ್ತೀನಿ."

ಹೊಲಿಗೆಯವಳು ನಕ್ಕಳು, ನಗುವಾಗ ನೋವಾಗಿ ಹೊಟ್ಟೆ ಒತ್ತಿಕೊಂಡಳು. "ಅಷ್ಟು ಮಾಡಿ. ಸಾಕು."

"ಏನದು ನಗು?" ಅಂತ ಗಡಿಯಾರದವನು ಮುಂದಿನ ಸೀಟಿಗೆ ಬಂದು ಕೂತ.

"ಹೆಂಗಸರ ಮಾತು. ಬಾಗಿಲು ಹಾಕಿ, ಗಾಳಿ ಬರುತ್ತೆ," ಅಂದಳು ಹೆಂಡತಿ.

ಕಾರು ಹೋಯಿತು. ಹಗ್ಗದಕ್ಕ ಬೀಗದ ಕೈಯನ್ನು ಸೆರಗಿನ ತುದಿಗೆ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಂಡೆ ಪಕ್ಕದ ಜಾಗ ಖಾಲಿಯೇ ಉಳಿದಿತ್ತು. ಗಾಳಿ ಶುರುವಾಗುವ ಮುಂಚೆ ದೋಣಿ ಕಟ್ಟೋಕೆ ಅಲ್ಲಿ ಬಿಟ್ಟ ತೇಲುಗುಂಡನ್ನು ಎತ್ತಿ ಒಳಗಿಡಬೇಕು, ಕಂಡವರು ಬಂದು ಕಟ್ಟಿ ಮೋಸಹೋಗಬಾರದು. ಮೈದುನನನ್ನು ಕರೆದಳು. ಅವನು ಇಂಜಿನ್ ಹಗ್ಗ ಎಳೆದ. ಇವಳು ದೋಣಿಗೆ ಇಳಿದು ಕೂತಳು, ಕಣ್ಣು ಮುಚ್ಚಿದಳು. ಬಂಡೆ ಬರುವವರೆಗೂ ಅವನು ಎಬ್ಬಿಸಲಿಲ್ಲ.