ಫಕ್ರುಸಾಬನ ಟಾಂಗಾ ಯಾವುದು?

ಬೆಳಗಿನ ರೈಲು ಇನ್ನೂ ಬಂದಿಲ್ಲ. ಗದಗ ಸ್ಟೇಷನ್ನಿನ ಹೊರಗೆ ಫಕ್ರುಸಾಬ ತನ್ನ ಟಾಂಗಾದ ಹಿತ್ತಾಳೆ ದೀಪಗಳನ್ನು ಉಜ್ಜುತ್ತಿದ್ದಾನೆ. ಕೈ ದೀಪದ ಮೇಲಿದೆ, ಕಣ್ಣು ಮಾತ್ರ ಪಕ್ಕದಲ್ಲಿ ನಿಂತ ಸಕ್ರಪ್ಪನ ಟಾಂಗಾದ ಮೇಲೆ. ಅದರ ಗಾದಿ ಹರಿದಿದೆ, ಕುದುರೆಗೂ ವಯಸ್ಸಾಗಿದೆ. ಆದರೂ ರೈಲಿನಿಂದ ಇಳಿದವರು ಕೇಳುವುದು ಒಂದೇ ಮಾತು: "ಸಕ್ರಪ್ಪನ ಟಾಂಗಾ ಯಾವುದು?"

"ನನ್ನ ಕುದುರಿ ನೋಡ್ರಿ, ಮದಿಮಗ ಇದ್ದಂಗ ಐತಿ. ಅವನ ಕುದುರಿ ನಿಂತಲ್ಲೇ ನಿದ್ದಿ ಮಾಡತೈತಿ. ಹೊಟ್ಟಿ ಉರೀತೈತ್ರಿ, ಸುಳ್ಳು ಯಾಕ ಹೇಳಲಿ?" ಎನ್ನುತ್ತಾನೆ ಫಕ್ರುಸಾಬ.

ಬೆಟಗೇರಿಯ ಈ ಟಾಂಗಾವಾಲಾ ಹತ್ತೊಂಬತ್ತು ವರ್ಷದಿಂದ ಸ್ಟೇಷನ್ನಿನ ಮುಂದಿನ ಇದೇ ಬೇವಿನ ಮರದ ಕೆಳಗಿದ್ದಾನೆ. ಸ್ವಾತಂತ್ರ್ಯ ಬಂದ ದಿನ ಕುದುರೆಗೆ ಕಾಗದದ ಬಾವುಟ ಕಟ್ಟಿ ಊರೆಲ್ಲ ಓಡಿಸಿದವನು. ಈಗ ಕನ್ನಡ ನಾಡು ಒಂದಾಗಿ ಮೂರು ತಿಂಗಳು. ಮೈಸೂರಿನ ಕಡೆಯವರು ತ್ರಿಕೂಟೇಶ್ವರ, ವೀರನಾರಾಯಣ ಗುಡಿ ನೋಡಲು ಗುಂಪುಗುಂಪಾಗಿ ಬರುತ್ತಿದ್ದಾರೆ. ಸಕ್ರಪ್ಪನಿಗೆ ದಿನಕ್ಕೆ ನಾಲ್ಕು ಸುತ್ತು, ಇವನಿಗೆ ಒಂದು. ಹೀಗೇ ಆದರೆ ಕುದುರೆ ಮಾರುವುದೊಂದೇ ದಾರಿ.

ಸಕ್ರಪ್ಪ ಮಾಟ ಮಾಡಿಸಿದ್ದಾನೆಂದೇ ಫಕ್ರುಸಾಬ ನಂಬಿದ್ದ. ಕಳೆದ ತಿಂಗಳು ತಡೆಯಲಾರದೆ ಅವನ ಬೆನ್ನು ಹತ್ತಿದ. ಗುಡಿಯಲ್ಲಿ ವಿಶೇಷವೇನೂ ಕಾಣಲಿಲ್ಲ. ಸ್ಟೇಷನ್ನಿಗೆ ಮರಳಿದ ಮೇಲೆ ಮಾತ್ರ ಸಕ್ರಪ್ಪ ಹೊಸ ಸವಾರಿ ಹಿಡಿಯಲಿಲ್ಲ. ಬಂದವರ ಗಂಟು ಹೊತ್ತು ಪ್ಲಾಟ್‌ಫಾರ್ಮಿಗೆ ಹೋದ, ಕಿಟಕಿಯ ಬಳಿ ಜಾಗ ಹಿಡಿದುಕೊಟ್ಟ, ರೈಲು ಕಣ್ಮರೆಯಾಗುವವರೆಗೆ ಕೈ ಬೀಸುತ್ತ ನಿಂತ. ಫಕ್ರುಸಾಬನ ರೂಢಿಯೋ, ಇಳಿಸಿದ ಕೂಡಲೇ ಮುಂದಿನ ಗಿರಾಕಿಗೆ ಓಡುವುದು.

"ಬೀಗರು ಬಂದ್ರ ಊರ ಅಗಸಿ ಬಾಗಿಲ ತನಕಾ ಹೋಗಿ ಕಳಿಸಿ ಬರ್ತೀವಿ. ಟಾಂಗಾ ಹತ್ತಿದವರಿಗೂ ಹಂಗ ಮಾಡಬೇಕಂತ ನನಗ್ಯಾಕ ಹೊಳೀಲಿಲ್ಲೋ! ಹೊಳದದ್ದು ಅವಗ. ಅದಕ್ಕ ಇನ್ನೂ ಜಾಸ್ತಿ ಸಿಟ್ಟು ಬಂತು."

ಸಿಟ್ಟಿನಲ್ಲೇ ಕಲಿತ. ಅಂದಿನಿಂದ ಅವನೂ ರೈಲು ಹೊರಡುವ ತನಕ ನಿಲ್ಲುತ್ತಾನೆ. ಹೋದ ವಾರ ಮೈಸೂರಿನ ಮಾಸ್ತರರೊಬ್ಬರು ಕಿಟಕಿಯಿಂದ ತಲೆ ಹೊರಹಾಕಿ, "ನಿಮ್ಮ ಹೆಸರೇನಪ್ಪಾ?" ಎಂದು ಕೇಳಿದರು. ಹತ್ತೊಂಬತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ರೈಲು ಹೊರಟೇಬಿಟ್ಟಿತ್ತು, ಅವನು ಜೊತೆಗೇ ಓಡುತ್ತ ಎರಡು ಸಲ ಕೂಗಿ ಹೇಳಿದ.

"ದೊಡ್ಡ ಆಸೆ ಏನಿಲ್ರಿ. ಒಮ್ಮೆ, ಬರೇ ಒಮ್ಮೆ, ಯಾರರೆ ನನ್ನ ಹೆಸರು ಹಿಡಿದು ಕೇಳಬೇಕು. ಸಕ್ರಪ್ಪ ಅಲ್ಲೇ ನಿಂತಿರಬೇಕು."

ರೈಲು ಬರುತ್ತದೆ. ಹಾಸಿಗೆ ಸುರುಳಿ ಹಿಡಿದ ದಂಪತಿ ಹೊರಬಂದು ಅತ್ತಿತ್ತ ನೋಡುತ್ತಾರೆ. "ನಮ್ಮೂರಿನ ಮಾಸ್ತರರು ಹೇಳಿದ್ದರು. ಫಕ್ರುಸಾಬರ ಟಾಂಗಾ ಯಾವುದು?" ಎಂದು ಗಂಡ ಮೆಲ್ಲಗೆ ಕೇಳುತ್ತಾನೆ.

ಫಕ್ರುಸಾಬ ಒಮ್ಮೆ ಸಕ್ರಪ್ಪನ ಕಡೆ ನೋಡುತ್ತಾನೆ.

"ನಂದೇ ರೀ. ಆದ್ರ ಇನ್ನೊಮ್ಮೆ ಕೇಳ್ರಿ ಸರ. ಸ್ವಲ್ಪ ಜೋರಲೇ ಕೇಳ್ರಿ."